ನಗುವುದಕ್ಕೂ ಅಂಜುವ ಅಮ್ಮ: ಯಾವ ಶಸ್ತ್ರಕ್ರಿಯೆ ಮೇಲು?

ಮನೆಯಲ್ಲಿ ಯಾರೋ ಒಂದು ತಮಾಷೆಯ ಮಾತು ಹೇಳುತ್ತಾರೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ. ಅಮ್ಮ ಮಾತ್ರ ತುಟಿ ಬಿಗಿಹಿಡಿದು ಒಳಗೆ ಎದ್ದುಹೋಗುತ್ತಾಳೆ. ನೆಗಡಿ ಬಂದ ದಿನ ದೇವಸ್ಥಾನಕ್ಕೂ ಬರುವುದಿಲ್ಲ. ಮಗಳ ಕಾಲೇಜಿನ ವಾರ್ಷಿಕೋತ್ಸವಕ್ಕೆ ದೂರದ ಬಸ್ ಪ್ರಯಾಣವೆಂದರೆ ‘ನೀವು ಹೋಗಿಬನ್ನಿ, ನನಗೆ ಮೈ ಸರಿಯಿಲ್ಲ’ ಎನ್ನುತ್ತಾಳೆ. ತುಂಬಿದ ಕೊಡ ಎತ್ತುವ ಮುನ್ನ ಒಂದು ಕ್ಷಣ ನಿಂತು ಕಾಲು ಜೋಡಿಸಿಕೊಳ್ಳುತ್ತಾಳೆ. ‘ಏನಮ್ಮಾ?’ ಎಂದು ಕೇಳಿದರೆ ‘ಏನಿಲ್ಲ’ ಎಂಬುದೇ ಉತ್ತರ.

ಆ ‘ಏನಿಲ್ಲ’ದ ಹಿಂದೆ ಅನೇಕ ಸಲ ಒಂದೇ ಕಾರಣವಿರುತ್ತದೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ತನ್ನ ಹಿಡಿತಕ್ಕೆ ಸಿಗದೆ ಒಂದಿಷ್ಟು ಮೂತ್ರ ಹೊರಬಂದು ಬಟ್ಟೆ ಒದ್ದೆಯಾಗುವುದು. ವೈದ್ಯರು ಇದನ್ನು ‘ಸ್ಟ್ರೆಸ್ ಇನ್‌ಕಾಂಟಿನೆನ್ಸ್’ ಎನ್ನುತ್ತಾರೆ. ಇಲ್ಲಿ ‘ಸ್ಟ್ರೆಸ್’ ಎಂದರೆ ಮನಸ್ಸಿನ ಚಿಂತೆಯಲ್ಲ, ಹೊಟ್ಟೆಯೊಳಗೆ ಏರುವ ಒತ್ತಡ. ಒತ್ತಡದ ಮೂತ್ರಸೋರಿಕೆ ಎಂದರೆ ಅರ್ಥ ಸರಿಹೋಗುತ್ತದೆ. ಇದರಿಂದ ಪ್ರಾಣಕ್ಕೆ ಅಪಾಯವಿಲ್ಲ. ಅದಕ್ಕೇ ಬಹಳ ಮಂದಿ ಹೆಂಗಸರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಪ್ರಾಣ ಉಳಿಯುತ್ತದೆ, ಆದರೆ ಬದುಕು ಕಿರಿದಾಗುತ್ತಾ ಹೋಗುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ಶಸ್ತ್ರಕ್ರಿಯೆಗಳೂ ಇವೆ, ಒಂದಲ್ಲ, ಹಲವು. ಹಾಗಾದರೆ ಯಾವುದು ಮೇಲು? ಈ ಸರಳ ಪ್ರಶ್ನೆಗೆ ವೈದ್ಯಲೋಕ ನೂರು ವರ್ಷಕ್ಕೂ ಹೆಚ್ಚು ಕಾಲ ಉತ್ತರ ಹುಡುಕಿದೆ. ಆ ಹಾದಿಯಲ್ಲಿ ಗೆಲುವೂ ಇದೆ, ದೊಡ್ಡದೊಂದು ಎಡವಟ್ಟೂ ಇದೆ. ತಾಯಂದಿರಿಗೆ ಇದು ತಮ್ಮ ದೇಹದ ವಿಷಯ. ವಿದ್ಯಾರ್ಥಿಗಳಿಗೆ, ಎರಡು ಚಿಕಿತ್ಸೆಗಳನ್ನು ವಿಜ್ಞಾನ ಹೇಗೆ ತೂಗಿ ನೋಡುತ್ತದೆ ಎಂಬುದರ ಪಾಠ.

ಜೋಲಿ ಸಡಿಲವಾದಾಗ

ಹೆಂಗಸರ ದೇಹದಲ್ಲಿ ಮೂತ್ರಕೋಶದಿಂದ ಹೊರಬರುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಅಷ್ಟೆ. ಗಂಡಸರಲ್ಲಿ ಅದು ಇದರ ನಾಲ್ಕೈದು ಪಟ್ಟು. ಇಷ್ಟು ಗಿಡ್ಡ ನಾಳ ಬಿಗಿಯಾಗಿ ಮುಚ್ಚಿಕೊಂಡಿರಬೇಕಾದರೆ ಅದರ ಸುತ್ತಲಿನ ಸ್ನಾಯುವಿನ ಬಲ ಸಾಲದು, ಕೆಳಗಿನಿಂದ ಆಸರೆಯೂ ಬೇಕು. ಕಿಬ್ಬೊಟ್ಟೆಯ ಮುಂದಿನ ಮೂಳೆಯಿಂದ ಹಿಂದೆ ಬೆನ್ನೆಲುಬಿನ ತುದಿಯವರೆಗೆ ಸ್ನಾಯು ಮತ್ತು ಪೊರೆಗಳ ಒಂದು ಜೋಲಿ ಹರಡಿಕೊಂಡಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಹೊತ್ತಿರುವುದು ಈ ಜೋಲಿಯೇ.

ತೋಟದ ರಬ್ಬರ್ ಪೈಪನ್ನು ಕಲ್ಲುಚಪ್ಪಡಿಯ ಮೇಲಿಟ್ಟು ಕಾಲಿನಿಂದ ಒತ್ತಿದರೆ ನೀರು ನಿಲ್ಲುತ್ತದೆ. ಅದೇ ಪೈಪನ್ನು ಕೆಸರಿನ ಮೇಲಿಟ್ಟು ಒತ್ತಿದರೆ ಪೈಪು ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಕೆಮ್ಮು ಬಂದಾಗ ಹೊಟ್ಟೆಯ ಒತ್ತಡ ಮೇಲಿನಿಂದ ಕಾಲಿನಂತೆ ಒತ್ತುತ್ತದೆ. ಕೆಳಗಿನ ಜೋಲಿ ಗಟ್ಟಿಯಾಗಿದ್ದರೆ ನಾಳ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಜೋಲಿ ಸಡಿಲವಾಗಿದ್ದರೆ ನಾಳ ಕೆಳಕ್ಕೆ ಜಾರಿ ಬಾಯಿ ತೆರೆಯುತ್ತದೆ. ಅಮೆರಿಕದ ಮಿಷಿಗನ್‌ನ ಸ್ತ್ರೀರೋಗ ತಜ್ಞ ಜಾನ್ ಡಿಲ್ಯಾನ್ಸಿ 1994ರಲ್ಲಿ ಮುಂದಿಟ್ಟ ‘ಜೋಲಿ ಸಿದ್ಧಾಂತ’ದ ತಿರುಳು ಇದು.

ಜೋಲಿ ಸಡಿಲವಾಗಲು ಮುಖ್ಯ ಕಾರಣ ಹೆರಿಗೆ. ಮಗು ಹಾದುಬರುವಾಗ ಸ್ನಾಯು, ನರ ಮತ್ತು ಪೊರೆಗಳು ಎಳೆದು ನೋಯುತ್ತವೆ. ವಯಸ್ಸು, ಮುಟ್ಟು ನಿಂತ ನಂತರದ ಬದಲಾವಣೆ, ಬೊಜ್ಜು, ಬಹುಕಾಲದ ಕೆಮ್ಮು, ಮಲಬದ್ಧತೆಯಿಂದ ದಿನವೂ ಮುಕ್ಕುವುದು, ಸದಾ ಭಾರ ಹೊರುವ ಕೆಲಸ ಇವೆಲ್ಲ ಅದಕ್ಕೆ ಜೊತೆಗೂಡುತ್ತವೆ.

ಇನ್ನೊಂದು ಬಗೆಯ ಸೋರಿಕೆಯೂ ಇದೆ. ಮೂತ್ರ ಬಂತು ಎನ್ನುವಷ್ಟರಲ್ಲೇ ತಡೆಯಲಾಗದೆ ಬಚ್ಚಲಿಗೆ ಓಡುವುದು, ತಲುಪುವ ಮೊದಲೇ ಬಟ್ಟೆ ಒದ್ದೆಯಾಗುವುದು. ಇದು ಆತುರದ ಸೋರಿಕೆ. ಇಲ್ಲಿ ತಪ್ಪಿರುವುದು ಆಸರೆಯಲ್ಲ, ಮೂತ್ರಕೋಶ ಹೊತ್ತಿಲ್ಲದ ಹೊತ್ತಿನಲ್ಲಿ ಕುಗ್ಗುತ್ತದೆ. ಮುಂದೆ ಹೇಳುವ ಶಸ್ತ್ರಕ್ರಿಯೆಗಳು ಇದಕ್ಕಲ್ಲ, ಕೆಲವೊಮ್ಮೆ ಅವುಗಳಿಂದ ಇದು ಹೆಚ್ಚುವುದೂ ಉಂಟು. ಕೆಲವರಿಗೆ ಎರಡೂ ಇರುತ್ತವೆ. ಆದ್ದರಿಂದ ಯಾವ ಬಗೆಯದು ಎಂದು ಗುರುತಿಸುವುದೇ ಮೊದಲ ಕೆಲಸ. ಮೂತ್ರ ಪರೀಕ್ಷೆ, ಕೆಮ್ಮಿಸಿ ನೋಡುವುದು, ಮೂರು ದಿನ ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದದ್ದು, ಯಾವಾಗ ಸೋರಿದ್ದು ಎಂದು ಬರೆದಿಡುವುದು, ಇಷ್ಟರಿಂದಲೇ ಬಹುಪಾಲು ತಿಳಿಯುತ್ತದೆ. ನಳಿಕೆ ತೂರಿಸಿ ಒತ್ತಡ ಅಳೆಯುವ ದುಬಾರಿ ಪರೀಕ್ಷೆ ಎಲ್ಲರಿಗೂ ಬೇಕೇ? ಜಟಿಲವಲ್ಲದ ಒತ್ತಡದ ಸೋರಿಕೆಯಿದ್ದ 630 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪರೀಕ್ಷೆ ಮಾಡಿ ಶಸ್ತ್ರಕ್ರಿಯೆಗೆ ಹೋದವರಿಗೂ ಮಾಡದೆ ಹೋದವರಿಗೂ ಫಲ ಒಂದೇ ಆಗಿತ್ತು: ಎರಡೂ ಕಡೆ ಸುಮಾರು ಶೇ 77.

ಕತ್ತರಿಗೆ ಮೊದಲು ಕಸರತ್ತು

ಶಸ್ತ್ರಕ್ರಿಯೆಗೆ ಮೊದಲು ಖರ್ಚಿಲ್ಲದ ಒಂದು ಉಪಾಯವಿದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದ ವ್ಯಾಯಾಮ ಅದು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನೇ ಒಳಕ್ಕೂ ಮೇಲಕ್ಕೂ ಎಳೆದುಕೊಂಡು ಕೆಲವು ಸೆಕೆಂಡು ಹಿಡಿದು, ಆಮೇಲೆ ಪೂರ್ತಿ ಸಡಿಲ ಬಿಡಬೇಕು. ಒಮ್ಮೆಗೆ 8 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಕೂತಲ್ಲೇ ಮಾಡಬಹುದು, ಪಕ್ಕದವರಿಗೆ ತಿಳಿಯುವುದೂ ಇಲ್ಲ. ಆದರೆ ತಪ್ಪಾಗಿ ಮಾಡುವವರೇ ಹೆಚ್ಚಾದ್ದರಿಂದ ಒಮ್ಮೆ ಫಿಸಿಯೋಥೆರಪಿಸ್ಟ್ ಬಳಿ ಕಲಿಯುವುದು ಒಳ್ಳೆಯದು.

ತೂಕ ಇಳಿಸುವುದೂ ಔಷಧವೇ. ಬೊಜ್ಜಿದ್ದ 338 ಹೆಂಗಸರ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಆಹಾರ, ವ್ಯಾಯಾಮದ ತರಬೇತಿ ಪಡೆದ ಗುಂಪಿನವರು ಸರಾಸರಿ ಶೇ 8ರಷ್ಟು ತೂಕ ಇಳಿಸಿಕೊಂಡರು. ಅವರಲ್ಲಿ ವಾರದ ಸೋರಿಕೆಯ ಸಂಖ್ಯೆ ಶೇ 47ರಷ್ಟು ತಗ್ಗಿತು. ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ ಅದು ಶೇ 28.

ಹಾಗಾದರೆ ವ್ಯಾಯಾಮವೇ ಸಾಕೇ? ನೆದರ್ಲೆಂಡ್ಸ್‌ನಲ್ಲಿ 460 ಹೆಂಗಸರನ್ನು ಎರಡು ಗುಂಪು ಮಾಡಿ ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಜಾಲರಿ ಪಟ್ಟಿಯ ಶಸ್ತ್ರಕ್ರಿಯೆ ಸೂಚಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ವರ್ಷದ ಕೊನೆಗೆ ‘ಗುಣ ಕಂಡಿದೆ’ ಎಂದವರು ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇ 91, ವ್ಯಾಯಾಮದ ಗುಂಪಿನಲ್ಲಿ ಶೇ 64. ವ್ಯಾಯಾಮದ ಗುಂಪಿನ ಸುಮಾರು ಅರ್ಧದಷ್ಟು ಮಂದಿ ನಡುವೆ ತಾವೇ ಶಸ್ತ್ರಕ್ರಿಯೆಗೆ ದಾಟಿಕೊಂಡಿದ್ದರು. ಇದನ್ನು ಎರಡು ರೀತಿ ಓದಬಹುದು. ಶಸ್ತ್ರಕ್ರಿಯೆಯ ಬಲ ಹೆಚ್ಚು ಎನ್ನುವುದು ಒಂದು. ಉಳಿದರ್ಧ ಮಂದಿಗೆ ಕತ್ತರಿ ಬೇಕಾಗಲೇ ಇಲ್ಲ ಎನ್ನುವುದು ಇನ್ನೊಂದು.

ಹೊಲಿಗೆ, ಪಟ್ಟಿ, ಜಾಲರಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹೋವರ್ಡ್ ಕೆಲಿ ಯೋನಿಯ ಮೂಲಕ ಹೋಗಿ ಮೂತ್ರಕೋಶದ ಕತ್ತಿನ ಕೆಳಗೆ ಹೊಲಿಗೆ ಹಾಕಿ ಬಿಗಿಗೊಳಿಸುವ ವಿಧಾನ ರೂಢಿಗೆ ತಂದರು. ಸುಲಭದ ಕೆಲಸವಾದ್ದರಿಂದ ಅದು ಬಹುಕಾಲ ನಡೆಯಿತು. ಆದರೆ ವರ್ಷಗಳು ಕಳೆದಂತೆ ಸೋರಿಕೆ ಮರಳುವುದು ಹೆಚ್ಚೆಂದು ಹೋಲಿಕೆಗಳಲ್ಲಿ ಕಂಡಿತು. ಉಳಿದು ಬಂದ ಮುಖ್ಯ ವಿಧಾನಗಳು ಮೂರು.

ಮೊದಲನೆಯದು ಬರ್ಚ್ ಶಸ್ತ್ರಕ್ರಿಯೆ. ಅಮೆರಿಕದ ಜಾನ್ ಬರ್ಚ್ 1961ರಲ್ಲಿ ವಿವರಿಸಿದ್ದು. ಕಿಬ್ಬೊಟ್ಟೆ ಸೀಳಿ, ಅಥವಾ ದೂರ್ಬೀನಿನ ಸಹಾಯದಿಂದ, ನಾಳದ ಇಕ್ಕೆಲದ ಯೋನಿಭಿತ್ತಿಯನ್ನು ಮುಂದಿನ ಮೂಳೆಯ ಹಿಂಬದಿಯ ಗಟ್ಟಿ ಪೊರೆಗೆ ಹೊಲಿದು ಮೇಲೆತ್ತುತ್ತಾರೆ. ಹರಿದ ಜೋಲಿಯನ್ನು ತೊಲೆಗೆ ಕಟ್ಟಿದಂತೆ. ದೇಹದಲ್ಲಿ ಹೊಲಿಗೆಯ ದಾರ ಬಿಟ್ಟು ಬೇರೆ ವಸ್ತು ಉಳಿಯುವುದಿಲ್ಲ. ಆದರೆ ಮುಂಭಾಗ ಮೇಲಕ್ಕೆ ಎಳೆದದ್ದರಿಂದ ಕೆಲವರಲ್ಲಿ ಮುಂದೆ ಹಿಂಭಾಗ ಜಾರುವುದುಂಟು.

ಎರಡನೆಯದು ದೇಹದ್ದೇ ಪಟ್ಟಿ. ಹೊಟ್ಟೆಯ ಸ್ನಾಯುಗಳನ್ನು ಹೊದ್ದಿರುವ ಗಟ್ಟಿ ಪೊರೆಯಿಂದ, ಇಲ್ಲವೇ ತೊಡೆಯ ಪೊರೆಯಿಂದ, ಒಂದು ಪಟ್ಟಿ ಕತ್ತರಿಸಿ ಮೂತ್ರಕೋಶದ ಕತ್ತಿನ ಕೆಳಗೆ ಹಾಯಿಸಿ ಮೇಲಕ್ಕೆ ಕಟ್ಟುತ್ತಾರೆ. ಆಲ್‌ಡ್ರಿಜ್ 1942ರಲ್ಲೂ, ಮೆಗ್ವೈರ್ ಮತ್ತು ಲಿಟನ್ 1978ರಲ್ಲೂ ಇದಕ್ಕೆ ಹೊಸ ರೂಪ ಕೊಟ್ಟರು. ಪರಕೀಯ ವಸ್ತುವಿಲ್ಲ, ಆದರೆ ಹೊಟ್ಟೆಯ ಮೇಲೆ ಗಾಯ, ಚೇತರಿಕೆ ನಿಧಾನ.

ಮೂರನೆಯದು ಜಾಲರಿ ಪಟ್ಟಿ. ಸ್ವೀಡನ್ನಿನ ಉಪ್ಸಲದ ಉಲ್ಫ್ ಉಲ್ಮ್‌ಸ್ಟೆನ್, ಆಸ್ಟ್ರೇಲಿಯದ ಪೀಟರ್ ಪೆಟ್ರೋಸ್ ಜೊತೆ ನಡೆಸಿದ ಚಿಂತನೆಯಿಂದ 1990ರ ದಶಕದ ನಡುವೆ ಹುಟ್ಟಿದ್ದು. ‘ಟಿವಿಟಿ’ ಎಂದು ಹೆಸರು. ಪಾಲಿಪ್ರೊಪಿಲೀನ್ ದಾರದಿಂದ ಹೆಣೆದ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ನಾಳದ ನಡುಭಾಗದ ಕೆಳಗೆ, ಎಳೆಯದೆ, ಸುಮ್ಮನೆ ಆಸರೆಯಾಗಿ ಇಡುತ್ತಾರೆ. ಮೊದಮೊದಲು ಆ ಜಾಗವನ್ನಷ್ಟೇ ಮರಗಟ್ಟಿಸಿ, ಮೇಜಿನ ಮೇಲೆಯೇ ರೋಗಿಗೆ ‘ಕೆಮ್ಮಮ್ಮಾ’ ಎಂದು ಹೇಳಿ, ಸೋರುವುದು ನಿಲ್ಲುವಷ್ಟಕ್ಕೆ ಪಟ್ಟಿಯನ್ನು ಹೊಂದಿಸುತ್ತಿದ್ದರು. ಸಣ್ಣ ಗಾಯ, ಬೇಗ ಮನೆಗೆ. 2001ರಲ್ಲಿ ಫ್ರಾನ್ಸಿನ ಡೆಲಾರ್ಮ್ ಪಟ್ಟಿಯನ್ನು ಮೂಳೆಯ ಹಿಂದಿನ ಬದಲು ತೊಡೆಸಂದಿಯ ಕಡೆಯಿಂದ ಹಾಯಿಸುವ ಇನ್ನೊಂದು ದಾರಿ ತೋರಿಸಿದರು.

ಇವಲ್ಲದೆ ನಾಳದ ಗೋಡೆಗೆ ಲೋಳೆಯಂಥ ವಸ್ತುವನ್ನು ಚುಚ್ಚಿ ಉಬ್ಬಿಸುವ ಇಂಜೆಕ್ಷನ್ ಇದೆ. ಫಿನ್ಲೆಂಡಿನಲ್ಲಿ 224 ಹೆಂಗಸರಲ್ಲಿ ಇದನ್ನೂ ಟಿವಿಟಿಯನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ವರ್ಷದ ಬಳಿಕ ತೃಪ್ತಿಗೆ ನೂರಕ್ಕೆ 80 ಅಥವಾ ಹೆಚ್ಚು ಅಂಕ ಕೊಟ್ಟವರು ಟಿವಿಟಿಯಲ್ಲಿ ಶೇ 95, ಇಂಜೆಕ್ಷನ್‌ನಲ್ಲಿ ಶೇ 60. ಇಂಜೆಕ್ಷನ್‌ನ ಫಲ ಕಡಿಮೆ, ತೊಂದರೆಯೂ ಕಡಿಮೆ.

ಚೀಟಿ ಎತ್ತಿ ಹೋಲಿಕೆ

ಒಬ್ಬ ವೈದ್ಯ ‘ನನ್ನ ವಿಧಾನದಲ್ಲಿ ನೂರಕ್ಕೆ 90 ಮಂದಿ ಗುಣವಾದರು’ ಎನ್ನುತ್ತಾನೆ. ಇನ್ನೊಬ್ಬ ‘ನನ್ನದರಲ್ಲಿ 80’ ಎನ್ನುತ್ತಾನೆ. ಮೊದಲನೆಯದೇ ಮೇಲೇ? ಹೇಳಲಾಗದು. ಮೊದಲನೆಯವನು ಕಿರಿಯ ವಯಸ್ಸಿನ, ತೆಳ್ಳಗಿನ ಹೆಂಗಸರನ್ನೇ ಆರಿಸಿಕೊಂಡಿರಬಹುದು. ಈ ಪಕ್ಷಪಾತ ತಪ್ಪಿಸಲು ಇರುವ ದಾರಿ ಚೀಟಿ ಎತ್ತುವುದು. ಯಾರಿಗೆ ಯಾವ ಶಸ್ತ್ರಕ್ರಿಯೆ ಎಂಬುದನ್ನು ವೈದ್ಯನೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ, ಅದೃಷ್ಟ ನಿರ್ಧರಿಸುತ್ತದೆ. ಆಗ ಎರಡು ಗುಂಪುಗಳೂ ಎಲ್ಲ ವಿಷಯದಲ್ಲೂ ಹೆಚ್ಚುಕಡಿಮೆ ಸಮವಾಗುತ್ತವೆ. ಉಳಿಯುವ ವ್ಯತ್ಯಾಸ ಶಸ್ತ್ರಕ್ರಿಯೆಯದೇ.

ಬ್ರಿಟನ್ ಮತ್ತು ಐರ್ಲೆಂಡಿನ 14 ಆಸ್ಪತ್ರೆಗಳಲ್ಲಿ 344 ಹೆಂಗಸರನ್ನು ಹೀಗೆ ಬರ್ಚ್ ಮತ್ತು ಟಿವಿಟಿ ಗುಂಪುಗಳಿಗೆ ಹಂಚಿದರು. 2002ರಲ್ಲಿ ವರದಿ ಬಂತು. ಆರು ತಿಂಗಳ ಬಳಿಕ ಪರೀಕ್ಷೆಯಲ್ಲಿ ಸೋರಿಕೆ ಕಾಣದವರು ಟಿವಿಟಿಯಲ್ಲಿ ಶೇ 66, ಬರ್ಚ್‌ನಲ್ಲಿ ಶೇ 57. ಅಂಕಿ ಬೇರೆಯಾದರೂ ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದಾದ್ದರಿಂದ ಒಂದು ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ಟಿವಿಟಿಯಲ್ಲಿ ಮೂತ್ರಕೋಶಕ್ಕೆ ಸೂಜಿ ತಗುಲಿದ್ದು ಹೆಚ್ಚು. ಬರ್ಚ್‌ನಲ್ಲಿ ಆಸ್ಪತ್ರೆಯ ವಾಸ ಹೆಚ್ಚು, ಮಾಮೂಲು ಕೆಲಸಕ್ಕೆ ಮರಳಿದ್ದು ತಡ.

ಜಾಲರಿಯ ಎರಡು ದಾರಿಗಳನ್ನು ಅಮೆರಿಕದಲ್ಲಿ 597 ಹೆಂಗಸರಲ್ಲಿ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ವರ್ಷದ ಬಳಿಕ ಪರೀಕ್ಷೆಯಲ್ಲಿ ಗೆದ್ದವರು ಮೂಳೆಯ ಹಿಂದಿನ ದಾರಿಯಲ್ಲಿ ಶೇ 81, ತೊಡೆಸಂದಿಯ ದಾರಿಯಲ್ಲಿ ಶೇ 78. ಬಹುತೇಕ ಸಮ. ಆದರೆ ಕಷ್ಟಗಳು ಬೇರೆಬೇರೆ. ಮೊದಲನೆಯದರಲ್ಲಿ ಮೂತ್ರ ಕಟ್ಟಿಕೊಂಡು ಮತ್ತೆ ಶಸ್ತ್ರಕ್ರಿಯೆ ಬೇಕಾದವರು ಶೇ 2.7, ಎರಡನೆಯದರಲ್ಲಿ ಒಬ್ಬರೂ ಇಲ್ಲ. ಕಾಲಿನ ಬಲಹೀನತೆ, ಜೋಮು ಮುಂತಾದ ನರದ ತೊಂದರೆ ಮೊದಲನೆಯದರಲ್ಲಿ ಶೇ 4, ಎರಡನೆಯದರಲ್ಲಿ ಶೇ 9.4.

ಒಂದೇ ಗುಂಪು, ಎರಡು ಅಂಕ

ಇನ್ನೂ ಸ್ವಾರಸ್ಯದ ಪಾಠ 2007ರದು. ಅಮೆರಿಕದ 655 ಹೆಂಗಸರಲ್ಲಿ ಬರ್ಚ್ ಮತ್ತು ದೇಹದ್ದೇ ಪಟ್ಟಿಯ ಹೋಲಿಕೆ. ಎರಡು ವರ್ಷದ ಬಳಿಕ ಒತ್ತಡದ ಸೋರಿಕೆಯನ್ನು ಮಾತ್ರ ಲೆಕ್ಕ ಹಿಡಿದರೆ ಪಟ್ಟಿಯಲ್ಲಿ ಗೆದ್ದವರು ಶೇ 66, ಬರ್ಚ್‌ನಲ್ಲಿ ಶೇ 49. ಯಾವ ಬಗೆಯ ಸೋರಿಕೆಯೂ ಇರಬಾರದು ಎಂದು ಅಳತೆ ಬಿಗಿ ಮಾಡಿದರೆ ಅದೇ ಹೆಂಗಸರಲ್ಲಿ ಶೇ 47 ಮತ್ತು ಶೇ 38. ಶಸ್ತ್ರಕ್ರಿಯೆ ಬದಲಾಗಲಿಲ್ಲ, ಹೆಂಗಸರು ಬದಲಾಗಲಿಲ್ಲ, ಪ್ರಶ್ನೆ ಬದಲಾಯಿತು ಅಷ್ಟೆ.

ಪಟ್ಟಿ ಗೆದ್ದಿತು ಎನ್ನುವ ಮೊದಲು ಇನ್ನೊಂದು ಅಂಕಣ ನೋಡಬೇಕು. ಮೂತ್ರ ಸರಾಗವಾಗಿ ಹೋಗದ ತೊಂದರೆ ಪಟ್ಟಿಯಲ್ಲಿ ಶೇ 14, ಬರ್ಚ್‌ನಲ್ಲಿ ಶೇ 2. ಮೂತ್ರದ ಸೋಂಕು, ಆತುರದ ಸೋರಿಕೆ ಕೂಡ ಪಟ್ಟಿಯಲ್ಲೇ ಹೆಚ್ಚು. ಬಿಗಿ ಮಾಡಿದಷ್ಟೂ ಸೋರುವುದು ನಿಲ್ಲುತ್ತದೆ, ಬಿಗಿ ಮಾಡಿದಷ್ಟೂ ಹೋಗುವುದು ಕಷ್ಟವಾಗುತ್ತದೆ. ಲಂಗದ ಲಾಡಿ ಕಟ್ಟಿದ ಯಾವ ಹೆಂಗಸಿಗೂ ಈ ನ್ಯಾಯ ಹೊಸದಲ್ಲ.

ಐದು ವರ್ಷಕ್ಕೆ ಮತ್ತೆ ನೋಡಿದಾಗ ಪೂರ್ತಿ ಒಣಗಿದ್ದವರು ಪಟ್ಟಿಯಲ್ಲಿ ಶೇ 31, ಬರ್ಚ್‌ನಲ್ಲಿ ಶೇ 24 ಮಾತ್ರ. ಆದರೂ ‘ಶಸ್ತ್ರಕ್ರಿಯೆಯಿಂದ ತೃಪ್ತಿ ಇದೆ’ ಎಂದವರು ಶೇ 83 ಮತ್ತು ಶೇ 73. ಪರೀಕ್ಷೆಯ ಕಾಗದ ಹೇಳುವ ಗುಣ ಒಂದು, ಹೆಂಗಸು ಹೇಳುವ ಗುಣ ಇನ್ನೊಂದು. ಅಪರೂಪಕ್ಕೆ ಒಂದು ಹನಿ ಸೋರಿದರೂ ಬಸ್ ಹತ್ತಬಲ್ಲೆ, ನಗಬಲ್ಲೆ ಎನ್ನುವವಳಿಗೆ ಅದೇ ಗುಣ.

ಜಾಲರಿ ಕಲಿಸಿದ ಪಾಠ

ಜಾಲರಿ ಪಟ್ಟಿ ಸುಲಭವಾದದ್ದೇ ಜಗತ್ತಿನ ತುಂಬ ಹಬ್ಬಿತು. ಮೊದಲು ಟಿವಿಟಿ ಮಾಡಿಸಿಕೊಂಡಿದ್ದ ಉತ್ತರ ಯೂರೋಪಿನ 90 ಹೆಂಗಸರನ್ನು 17 ವರ್ಷದ ಬಳಿಕ ಹುಡುಕಿ ನೋಡಿದಾಗ, ಪರೀಕ್ಷೆಗೆ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಸೋರಿಕೆ ಇರಲಿಲ್ಲ ಎಂಬ ವರದಿ 2013ರಲ್ಲಿ ಬಂತು. ಆದರೆ ಅಷ್ಟರಲ್ಲೇ ಬೇರೊಂದು ಕಥೆ ಬೆಳೆದಿತ್ತು.

ಸೋರಿಕೆಗೆ ಸಣ್ಣ ಪಟ್ಟಿ ಹೊಂದಿತೆಂದು, ಜಾರಿದ ಗರ್ಭಕೋಶ, ಮೂತ್ರಕೋಶಗಳನ್ನು ಎತ್ತಲು ದೊಡ್ಡ ಜಾಲರಿಯನ್ನೇ ಯೋನಿಯ ಮೂಲಕ ಇಡತೊಡಗಿದರು. ಹಲವರಿಗೆ ಜಾಲರಿ ಒಳಗಿನಿಂದ ಕೊರೆದು ಹೊರಬಂತು, ಬಿಡದ ನೋವು, ದಾಂಪತ್ಯದಲ್ಲಿ ಯಾತನೆ. ಸಣ್ಣ ಪಟ್ಟಿ ಇಟ್ಟುಕೊಂಡವರಲ್ಲೂ ಕೆಲವರಿಗೆ ಇದೇ ಪಾಡು. ಅಂಗಾಂಶ ಜಾಲರಿಯ ಕಣ್ಣುಗಳೊಳಗೆ ಬೆಳೆದು ಹೆಣೆದುಕೊಳ್ಳುವುದರಿಂದ ಅದನ್ನು ತೆಗೆಯುವುದು ಇಡುವುದಕ್ಕಿಂತ ಎಷ್ಟೋ ಕಷ್ಟ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2011ರಲ್ಲಿ ಎಚ್ಚರಿಕೆ ಕೊಟ್ಟು, 2019ರ ಏಪ್ರಿಲ್‌ನಲ್ಲಿ ಅಂಗ ಜಾರಿಕೆಗೆ ಯೋನಿಯ ಮೂಲಕ ಇಡುವ ಜಾಲರಿಯ ಮಾರಾಟ ನಿಲ್ಲಿಸಲು ಆಜ್ಞೆ ಮಾಡಿತು. ಸೋರಿಕೆಯ ಪಟ್ಟಿಗೆ ಆ ಆಜ್ಞೆ ಅನ್ವಯಿಸಲಿಲ್ಲ. ಇಂಗ್ಲೆಂಡ್ ಮಾತ್ರ 2018ರ ಜುಲೈನಲ್ಲಿ ಸೋರಿಕೆಯ ಪಟ್ಟಿಯ ಬಳಕೆಯನ್ನೂ ತಡೆಹಿಡಿಯಿತು.

ಬ್ರಿಟನ್ನಿನಲ್ಲಿ ಜೂಲಿಯಾ ಕಂಬರ್ಲೆಜ್ ನೇತೃತ್ವದ ಪರಿಶೀಲನಾ ಸಮಿತಿ 2020ರ ಜುಲೈನಲ್ಲಿ ವರದಿ ಕೊಟ್ಟಿತು. ನೋವೆಂದು ಬಂದ ಹೆಂಗಸರ ಮಾತನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದೇ ಅದರ ದೊಡ್ಡ ಆರೋಪ. ಬಹಳ ಅಧ್ಯಯನಗಳು ‘ಸೋರಿಕೆ ನಿಂತಿತೇ?’ ಎಂದು ಕೇಳಿದ್ದವು. ‘ನೋವಿದೆಯೇ, ಸಂಸಾರ ಹೇಗಿದೆ?’ ಎಂದು ಹತ್ತು ವರ್ಷದ ಬಳಿಕ ಕೇಳಿದ್ದು ಕಡಿಮೆ. ಕೇಳದ ಪ್ರಶ್ನೆಗೆ ಅಂಕಿ ಸಿಗುವುದಿಲ್ಲ.

ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿ

ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ‘ನೈಸ್’ 2019ರಲ್ಲಿ ಹೊರಡಿಸಿದ ಸೂಚನೆ ಈ ಹೋಲಿಕೆಗಳ ಸಾರದಂತಿದೆ. ಮೊದಲು ಕನಿಷ್ಠ 3 ತಿಂಗಳು ಮೇಲ್ವಿಚಾರಣೆಯ ವ್ಯಾಯಾಮ. ಅದು ಫಲಿಸದಿದ್ದರೆ ಬರ್ಚ್, ದೇಹದ್ದೇ ಪಟ್ಟಿ, ಮೂಳೆಯ ಹಿಂದಿನ ದಾರಿಯ ಜಾಲರಿ ಪಟ್ಟಿ, ಈ ಮೂರರ ಗುಣದೋಷಗಳನ್ನೂ ಹೆಂಗಸಿನ ಮುಂದಿಟ್ಟು ಆರಿಸಲು ಬಿಡಬೇಕು. ಇವು ಒಪ್ಪದವರಿಗೆ ಇಂಜೆಕ್ಷನ್. ತೊಡೆಸಂದಿಯ ದಾರಿ ವಿಶೇಷ ಕಾರಣವಿದ್ದರೆ ಮಾತ್ರ. ‘ಇದೇ ಅತ್ಯುತ್ತಮ’ ಎಂದು ಅದು ಯಾವುದಕ್ಕೂ ಪಟ್ಟ ಕಟ್ಟಿಲ್ಲ.

ಭಾರತದಲ್ಲೂ ಈ ಶಸ್ತ್ರಕ್ರಿಯೆಗಳೆಲ್ಲ ನಡೆಯುತ್ತವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೆಲವು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ನನ್ನದು ಯಾವ ಬಗೆಯ ಸೋರಿಕೆ? ವ್ಯಾಯಾಮ ಸರಿಯಾಗಿ ಮಾಡಿ ನೋಡಿದ್ದಾಗಿದೆಯೇ? ಯಾವ ಶಸ್ತ್ರಕ್ರಿಯೆ, ಅದನ್ನೇ ಏಕೆ? ದೇಹದೊಳಗೆ ಜಾಲರಿ ಉಳಿಯುತ್ತದೆಯೇ, ಅದರ ಹೆಸರೇನು? ಮೂತ್ರ ಕಟ್ಟಿಕೊಂಡರೆ, ನೋವು ಬಂದರೆ ಮುಂದೇನು? ಮಾಡುವ ವೈದ್ಯರಿಗೆ ಇದು ಎಷ್ಟು ರೂಢಿ? ಇನ್ನೂ ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ಹೇಳಬೇಕು. ಮುಂದಿನ ಹೆರಿಗೆಯಲ್ಲಿ ಮಾಡಿದ ಕೆಲಸ ಕೆಡಬಹುದಾದ್ದರಿಂದ ಅಂಥವರಿಗೆ ಸಾಮಾನ್ಯವಾಗಿ ಕಾಯಲು ಹೇಳುತ್ತಾರೆ. ಜಾಲರಿ ಇಟ್ಟಿದ್ದರೆ ಅದರ ವಿವರದ ಕಾಗದವನ್ನು ಜೋಪಾನವಾಗಿ ತೆಗೆದಿಡಬೇಕು.

ಈ ಚೀಟಿ ಬರೆಯುವ ಕೆಲಸ ಮನೆಯಲ್ಲಿ ಓದುತ್ತಿರುವ ಮಕ್ಕಳಿಗೆ ಕಷ್ಟವಲ್ಲ. ಶೇಕಡಾ ಲೆಕ್ಕ ಅವರಿಗೆ ಗೊತ್ತು, ಜೀವಶಾಸ್ತ್ರದ ಪುಸ್ತಕದಲ್ಲಿ ಮೂತ್ರಕೋಶದ ಚಿತ್ರ ಬರೆದು ಅಂಕ ಪಡೆದವರು ಅವರು. ಗೊತ್ತಿಲ್ಲದ್ದು ಒಂದೇ, ಆ ಚಿತ್ರದಲ್ಲಿರುವುದು ಅಮ್ಮನ ಸಂಕಟ ಎಂಬುದು. ಚಿಕಿತ್ಸೆ ಯಾವುದೇ ಇರಲಿ, ಅದು ಶುರುವಾಗುವುದು ಆಸ್ಪತ್ರೆಯ ಮೇಜಿನ ಮೇಲಲ್ಲ. ‘ಏನಿಲ್ಲ’ ಎಂದ ಅಮ್ಮನ ಪಕ್ಕ ಕೂತು, ‘ಇಲ್ಲ ಅಮ್ಮಾ, ಏನೋ ಇದೆ, ಹೇಳು’ ಎಂದು ಮಗಳು ಎರಡನೆಯ ಸಲ ಕೇಳಿದಾಗ.